ಕಾನ್ಫಿಗರ್ ಮೀಮಾಂಸೆ: ಕಂಪೈಲರಿನ ಇರವು ಮತ್ತು ಲೈಬ್ರರಿಯ ಇಲ್ಲದಿರವು ಕುರಿತ ಪ್ರಮಾಣ ವಿಚಾರ

ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ತಿಳಿಯುವುದಾದರೂ ಹೇಗೆ? ಈ ಒಂದು ಪ್ರಶ್ನೆಯನ್ನು ಹಿಡಿದು ಭಾರತೀಯ ದಾರ್ಶನಿಕರು ಶತಮಾನಗಟ್ಟಲೆ ಜಗಳವಾಡಿದರು. ಗಡಿಗೆ ಒಡೆಯಿತು, ನೆಲ ಸವೆಯಿತು, ಜಗಳ ಮುಗಿಯಲಿಲ್ಲ. ಅದೇ ಜಗಳವನ್ನು ನಾಲ್ಕು ದಶಕಗಳಿಂದ ಯುನಿಕ್ಸ್ ಮಂದಿ ಸಿ ಕಂಪೈಲರನ್ನು ಮುಂದಿಟ್ಟುಕೊಂಡು ನಡೆಸುತ್ತ ಬಂದಿದ್ದಾರೆ ಎಂಬ ಸಂಗತಿ ಮಾತ್ರ ಪಂಡಿತರ ಕಣ್ಣಿಗೆ ಬಿದ್ದಿಲ್ಲ. ಪ್ರಸ್ತುತ ಪ್ರಬಂಧ ಆ ಲೋಪವನ್ನು ಸರಿಪಡಿಸಲು, ಯಾರೂ ಕೇಳಿಕೊಳ್ಳದಿದ್ದರೂ, ಹೊರಟಿದೆ.

ಶಾಸ್ತ್ರವೆಂದ ಮೇಲೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ವಿಷಯ, ಕಾನ್ಫಿಗರ್ ಎಂಬ ಸ್ಕ್ರಿಪ್ಟು. ಪ್ರಯೋಜನ, ಬೇರೆ ಯಾರೋ ಬರೆದ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳುವುದು. ಸಂಬಂಧ, ಮೊದಲನೆಯದು ಮುಗಿದರೆ ಎರಡನೆಯದು ಆದೀತು ಎಂಬ ನಂಬಿಕೆ. ಇನ್ನು ಅಧಿಕಾರಿ ಯಾರೆಂದರೆ, ಟಾರ್‌ಬಾಲ್ ಬಿಚ್ಚಿ ‘ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್’ ಎಂಬ ಮೂರು ಸಾಲಿನ ಮಂತ್ರವನ್ನು ಅರ್ಥ ತಿಳಿಯದೆ ಪಠಿಸಬಲ್ಲವನು. ಅರ್ಥ ತಿಳಿದವನಿಗೆ ಪಠಿಸುವ ಧೈರ್ಯ ಸಾಮಾನ್ಯವಾಗಿ ಇರುವುದಿಲ್ಲ.

ಪಠಿಸಿದೊಡನೆ ಪರದೆಯ ಮೇಲೆ ಪ್ರಶ್ನೋತ್ತರ ಹರಿಯತೊಡಗುತ್ತದೆ. ಜಿಸಿಸಿ ಇದೆಯೇ? ಇದೆ. ಸಿ ಕಂಪೈಲರ್ ಕೆಲಸ ಮಾಡುತ್ತದೆಯೇ? ಹೌದು. ಅದು ಹುಟ್ಟಿಸುವ ಫೈಲಿನ ಹೆಸರೇನು? ಎ ಡಾಟ್ ಔಟ್. ಕೇಳುವುದೂ ಸ್ಕ್ರಿಪ್ಟೇ, ಉತ್ತರಿಸುವುದೂ ಸ್ಕ್ರಿಪ್ಟೇ. ಎದುರಿಗೆ ಕೂತ ಮನುಷ್ಯನನ್ನು ಒಂದು ಮಾತೂ ಕೇಳುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮಾತಾಡಿದ ಹಾಗೆ.

ಹಿಂದೆ ಹೀಗಿರಲಿಲ್ಲ, ಕೇಳುತ್ತಿತ್ತು. 1980ರ ದಶಕದಲ್ಲಿ ಲ್ಯಾರಿ ವಾಲ್ ತಮ್ಮ ಆರ್‌ಎನ್ ಎಂಬ ಸುದ್ದಿ ಓದುವ ತಂತ್ರಾಂಶದ ಜೊತೆ ಕೊಟ್ಟ, ಆಮೇಲೆ ಪರ್ಲ್ ಭಾಷೆಗೂ ಬಂದ ಸ್ಕ್ರಿಪ್ಟು ಹಳೆಯ ಕಾಲದ ಶಾನುಭೋಗರಂತೆ ಕೂರಿಸಿಕೊಂಡು ವಿಚಾರಿಸುತ್ತಿತ್ತು: ಕಂಪೈಲರ್ ಯಾವುದು, ಲೈಬ್ರರಿಗಳು ಯಾವ ಡೈರೆಕ್ಟರಿಯಲ್ಲಿವೆ, ಕೈಪಿಡಿ ಎಲ್ಲಿಡಬೇಕು. ಪರ್ಲಿನ ಸ್ಕ್ರಿಪ್ಟು ನಡುವೆ ನಿಂತು, ‘ಅಭಿನಂದನೆಗಳು! ನೀವು ಯೂನಿಸ್ ನಡೆಸುತ್ತಿಲ್ಲ’ ಎಂದು ಬೆನ್ನೂ ತಟ್ಟುತ್ತದೆ. ಯೂನಿಸ್ ಎಂದರೆ ವ್ಯಾಕ್ಸ್ ಯಂತ್ರದ ವಿಎಂಎಸ್ ಮೇಲೆ ಯುನಿಕ್ಸಿನ ವೇಷ ಹಾಕಿ ಕುಣಿಯುತ್ತಿದ್ದ ತಂತ್ರಾಂಶ. ಈ ಕಾಲದಲ್ಲಿ ಆ ಅಭಿನಂದನೆ ಸ್ವೀಕರಿಸುವುದೆಂದರೆ, ‘ನಿನಗೆ ಸಿಡುಬು ಬರಲಿಲ್ಲವಲ್ಲ, ಪುಣ್ಯ’ ಎಂದು ಅಜ್ಜಿ ಮೊಮ್ಮಗನ ನೆಟಿಗೆ ತೆಗೆದಂತೆ.

ಇಷ್ಟೊಂದು ವಿಚಾರಣೆ ಏಕೆ ಬೇಕಾಯಿತೆಂದರೆ, ಯುನಿಕ್ಸ್ ಎಂಬುದು ಒಂದು ಮನೆಯಾಗಿ ಉಳಿದಿರಲಿಲ್ಲ, ಪಾಲಾಗಿತ್ತು. ಬರ್ಕ್ಲಿ ಕಡೆಯವರು ಪದವೊಂದರಲ್ಲಿ ಅಕ್ಷರ ಹುಡುಕುವ ಫಂಕ್ಷನ್ನಿಗೆ ಇಂಡೆಕ್ಸ್ ಎಂದರೆ, ಸಿಸ್ಟಮ್ ಫೈವ್ ಕಡೆಯವರು ಸ್ಟರ್‌ಸಿಎಚ್‌ಆರ್ ಎಂದರು. ಒಬ್ಬರ ಬಿಕಾಪಿ ಇನ್ನೊಬ್ಬರ ಮೆಮ್‌ಕಾಪಿ. ಸಾಲದ್ದಕ್ಕೆ ಬಿಕಾಪಿಗೆ ಮೊದಲು ಎಲ್ಲಿಂದ ಎಂದು ಹೇಳಬೇಕು, ಮೆಮ್‌ಕಾಪಿಗೆ ಮೊದಲು ಎಲ್ಲಿಗೆ ಎಂದು. ದಾಯಾದಿಗಳು ಒಂದೇ ಅಡುಗೆಗೆ ಹೆಸರನ್ನಷ್ಟೇ ಅಲ್ಲ, ಬಡಿಸುವ ಕ್ರಮವನ್ನೂ ಬದಲಿಸಿದ್ದರು.

ಈ ವ್ಯಾಜ್ಯದ ನಡುವೆ ಸಿಕ್ಕಿಬಿದ್ದವರು ಡೇವಿಡ್ ಮೆಕೆಂಜಿ. 1991ರಲ್ಲಿ ಅವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಮೇಕ್‌ಫೈಲಿನಲ್ಲಿ ಬಳಕೆದಾರರು ಕೈಯಾರೆ ಆರಿಸಬೇಕಾದ ಆಯ್ಕೆಗಳು ಸುಮಾರು 20 ಆದಾಗ, ಊಹೆಯಿಂದ ಅವನ್ನು ತುಂಬುವ ಸಣ್ಣ ಶೆಲ್ ಸ್ಕ್ರಿಪ್ಟೊಂದನ್ನು ಫೈಲ್‌ಯುಟಿಲ್ಸ್ ಜೊತೆಗೆ ಸೇರಿಸಿದರು. ಅದು ಬೆಳೆದು ಆಟೋಕಾನ್ಫ್ ಆಯಿತು. ಬರೆಯುವವರು ಹತ್ತು ಸಾಲು ಬರೆದರೆ ಸಾಕು. 1977ರಲ್ಲಿ ಕರ್ನಿಘನ್ ಮತ್ತು ರಿಚಿ ರಚಿಸಿದ ಎಂಫೋರ್ ಎಂಬ ಮ್ಯಾಕ್ರೋ ಯಂತ್ರ ಅದನ್ನು ಸಾವಿರಾರು ಸಾಲಿನ ಶೆಲ್ ಸ್ಕ್ರಿಪ್ಟಾಗಿ ಹಿಗ್ಗಿಸುತ್ತದೆ. ಮೂಲ ಚಿಕ್ಕದು, ಭಾಷ್ಯ ದೊಡ್ಡದು, ಭಾಷ್ಯವನ್ನು ಓದಿದವರಿಲ್ಲ: ಶಾಸ್ತ್ರಗ್ರಂಥದ ಮೂರು ಲಕ್ಷಣಗಳೂ ಇಲ್ಲಿ ಕೂಡಿವೆ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇದೆ ಎನ್ನುವವರು ಆಟೋಕಾನ್ಫ್ ಕೈಪಿಡಿಯ ಇತಿಹಾಸದ ಅಧ್ಯಾಯವನ್ನು ತೆರೆದು ನೋಡಬೇಕು. ಅದರ ಐದು ಭಾಗಗಳಿಗೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಬೈಬಲ್ಲಿನ ಮೊದಲ ಐದು ಪುಸ್ತಕಗಳ ಹೆಸರನ್ನೇ ಇಟ್ಟಿದ್ದಾರೆ.

ಈಗ ಪ್ರಮಾಣಗಳ ವಿಚಾರ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಾನ್ಫಿಗರಿನಷ್ಟು ಮನಸ್ಸಿಗೆ ತೆಗೆದುಕೊಂಡವರಿಲ್ಲ. ಡಿಸ್ಕಿನಲ್ಲಿ ಜಿಸಿಸಿ ಎಂಬ ಫೈಲು ಕಂಡಿತೆಂದು ಅದು ಸುಮ್ಮನಾಗುವುದಿಲ್ಲ. ಕಾನ್‌ಫ್‌ಟೆಸ್ಟ್ ಎಂಬ ಹೆಸರಿನ ಪುಟ್ಟ ಸಿ ಪ್ರೋಗ್ರಾಮನ್ನು ಬರೆದು, ಕಂಪೈಲ್ ಮಾಡಿಸಿ, ಹುಟ್ಟಿದ್ದನ್ನು ಓಡಿಸಿ, ಆಮೇಲೆ ಅಳಿಸಿಹಾಕುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕುವ ಸ್ಥಾಲೀಪುಲಾಕ ನ್ಯಾಯ ಇದೇ. ಜಿಸಿಸಿ ಸಿಗದಿದ್ದರೆ ಬರಿ ಸಿಸಿ ಎಂಬುದನ್ನು ಹುಡುಕುತ್ತದೆ. ಆದರೆ ಅದು ಯುಎಸ್‌ಆರ್ ಒಳಗಿನ ಯುಸಿಬಿ ಡೈರೆಕ್ಟರಿಯದಾದರೆ ಪಂಕ್ತಿಯಿಂದ ಎಬ್ಬಿಸುತ್ತದೆ. ಸನ್ ಯಂತ್ರಗಳಲ್ಲಿದ್ದ ಆ ಬರ್ಕ್ಲಿ ವೇಷದ ಕಂಪೈಲರಿನ ಮೇಲಿನ ಬಹಿಷ್ಕಾರ, ಆ ಯಂತ್ರಗಳು ಗುಜರಿ ಸೇರಿದ ಮೇಲೂ ಸ್ಕ್ರಿಪ್ಟುಗಳಲ್ಲಿ ಜಾರಿಯಲ್ಲಿದೆ.

ಆಟೋಮೇಕ್ ಸೇರಿದ್ದರೆ ಎಲ್ಲಕ್ಕೂ ಮೊದಲು ಇನ್ನೊಂದು ಪರೀಕ್ಷೆ ಉಂಟು: ಪರಿಸರಕ್ಕೆ ಬುದ್ಧಿ ಸ್ವಾಧೀನದಲ್ಲಿದೆಯೇ? ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಹೊಸ ಫೈಲೊಂದನ್ನು ಹುಟ್ಟಿಸಿ, ಅದು ಟಾರ್‌ಬಾಲಿನ ಹಳೆಯ ಫೈಲಿಗಿಂತ ಕಿರಿಯದೇ ಎಂದು ನೋಡುತ್ತದೆ, ಅಷ್ಟೆ. ಗಡಿಯಾರ ಹಿಂದೆ ಇಟ್ಟ ಕಂಪ್ಯೂಟರಿನಲ್ಲಿ ಮಗು ಅಪ್ಪನಿಗಿಂತ ದೊಡ್ಡದಾಗಿ ಹುಟ್ಟುತ್ತದೆ. ಸ್ಕ್ರಿಪ್ಟು ಅಲ್ಲಿಗೇ ಕೈಮುಗಿಯುತ್ತದೆ.

ಅನುಮಾನ ಪ್ರಮಾಣದ ವೈಭವ ಕಾಣಬೇಕಾದರೆ ಕ್ರಾಸ್ ಕಂಪೈಲಿಂಗಿಗೆ ಹೋಗಬೇಕು. ಇಲ್ಲಿ ಕಟ್ಟುವ ಯಂತ್ರ ಬೇರೆ, ಪ್ರೋಗ್ರಾಮು ಓಡುವ ಯಂತ್ರ ಬೇರೆ. ಲ್ಯಾಪ್‌ಟಾಪಿನಲ್ಲಿ ಕೂತು ರೂಟರಿಗೆ ಕಟ್ಟುವಾಗ ಅಗುಳನ್ನು ಹಿಸುಕಬಹುದು, ತಿಂದು ನೋಡುವಂತಿಲ್ಲ. ಹಾಗಾದರೆ ಆ ಯಂತ್ರದಲ್ಲಿ ಲಾಂಗ್ ಎಂಬ ಸಂಖ್ಯೆ ಎಷ್ಟು ಬೈಟಿನದು? ಸ್ಕ್ರಿಪ್ಟು ಒಂದು ಅರೇ ಬರೆಯುತ್ತದೆ. ಊಹೆ ಸರಿಯಿದ್ದರೆ ಅದರ ಉದ್ದ 1, ತಪ್ಪಾದರೆ ಮೈನಸ್ 1. ಮೈನಸ್ ಉದ್ದದ ಅರೇಯನ್ನು ಕಂಪೈಲರ್ ಒಪ್ಪುವುದಿಲ್ಲ. ಅದು ಬೈದರೆ ಊಹೆ ತಪ್ಪು, ಸುಮ್ಮನಿದ್ದರೆ ಸರಿ. ಹೀಗೆ ಬೈಸಿಕೊಳ್ಳುತ್ತ, ವ್ಯಾಪ್ತಿಯನ್ನು ಅರ್ಧ ಅರ್ಧ ಮಾಡುತ್ತ ಉತ್ತರಕ್ಕೆ ಬರುತ್ತದೆ. ಒಂದು ಪ್ರೋಗ್ರಾಮನ್ನೂ ಓಡಿಸದೆ, ಬರಿ ಬೈಗುಳದಿಂದ ಅಳತೆ ಹಿಡಿಯುವ ಈ ವಿದ್ಯೆ ಗೌತಮನ ನ್ಯಾಯಸೂತ್ರದಲ್ಲಿ ಇಲ್ಲ.

ಬೈಟ್‌ಗಳ ಸಾಲಿನ ಕ್ರಮ ಕಂಡುಹಿಡಿಯುವುದು ಇದಕ್ಕಿಂತ ಸೊಗಸು. ಕೆಲವು ಯಂತ್ರಗಳು ಸಂಖ್ಯೆಯ ದೊಡ್ಡ ಸ್ಥಾನವನ್ನು ಮೊದಲಿಡುತ್ತವೆ, ಕೆಲವು ಚಿಕ್ಕದನ್ನು. ಶಾಸನಗಳಲ್ಲಿ ವರ್ಷವನ್ನು ಪದಗಳಲ್ಲಿ ಬರೆಯುವಾಗ ಏಕಸ್ಥಾನದಿಂದ ಶುರುಮಾಡಿ ಎಡಕ್ಕೆ ನಡೆಯುತ್ತಿದ್ದ ಕವಿಗಳು ಎರಡನೆಯ ಪಂಗಡ. ಯಂತ್ರ ಯಾವ ಪಂಗಡವೆಂದು ತಿಳಿಯಲು ಸ್ಕ್ರಿಪ್ಟು ಕೆಲವು ಸಂಖ್ಯೆಗಳನ್ನು ಆರಿಸಿ ಕಂಪೈಲ್ ಮಾಡುತ್ತದೆ. ಹುಟ್ಟಿದ ಆಬ್ಜೆಕ್ಟ್ ಫೈಲಿನಲ್ಲಿ ಅವು ಒಂದು ಕ್ರಮದಲ್ಲಿ ಕೂತರೆ ‘ಬಿಗ್ ಎಂಡಿಯನ್ ಸಿಸ್’ ಎಂಬ ಅಕ್ಷರಗಳು ಮೂಡುತ್ತವೆ; ಇನ್ನೊಂದು ಕ್ರಮವಾದರೆ ಜೊತೆಗಿಟ್ಟ ಬೇರೆ ಸಂಖ್ಯೆಗಳು ‘ಲಿಟಲ್ ಎಂಡಿಯನ್’ ಎಂದು ಓದಿಸಿಕೊಳ್ಳುತ್ತವೆ. ಗ್ರೆಪ್ ಹೋಗಿ ಆ ಹೆಸರನ್ನು ಹುಡುಕುತ್ತದೆ. ಹಣೆಬರಹ ಓದುವುದು ಎಂಬ ಮಾತಿಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ಸಿಗುವುದು ಕಷ್ಟ.

ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ, ತಡವಾಗಿ ಬಂತು. ಪಿಕೆಜಿ ಕಾನ್ಫಿಗ್ ಎಂಬ ಉಪಕರಣದಲ್ಲಿ ಪ್ರತಿ ಲೈಬ್ರರಿಯೂ ತನ್ನ ವಿಳಾಸ, ಆವೃತ್ತಿ, ಬೇಕಾದ ಆಯ್ಕೆಗಳನ್ನು ಒಂದು ಚಿಕ್ಕ ಪಿಸಿ ಫೈಲಿನಲ್ಲಿ ತಾನೇ ಹೇಳಿಕೊಳ್ಳುತ್ತದೆ. ಆ ಫೈಲೇ ಸಿಗದಿದ್ದರೆ ಉಪಕರಣವು, ‘ಬಹುಶಃ ಇಂಥ ಡೈರೆಕ್ಟರಿಯನ್ನು ಸೇರಿಸಿ ನೋಡಬೇಕೇನೋ’ ಎನ್ನುತ್ತದೆ. ವೇದವಾಕ್ಯದಲ್ಲಿ ‘ಬಹುಶಃ’ ಬಂದರೆ ಅದು ಅಪೌರುಷೇಯವೇ ಎಂಬ ಶಂಕೆಯನ್ನು ಪ್ರಬಂಧಕಾರ ಸದ್ಯಕ್ಕೆ ಬದಿಗಿಟ್ಟಿದ್ದಾನೆ. ಹೊಸಬರು ಎಡವುವುದು ಬೇರೆ ಕಡೆ. ಡೆಬಿಯನ್, ಉಬುಂಟುಗಳಲ್ಲಿ ಲೈಬ್ರರಿಯ ಪ್ಯಾಕೇಜು ಒಂದು, ಅದರ ಹೆಡರ್ ಫೈಲುಗಳು ಇರುವ ‘ಡೆವ್’ ಪ್ಯಾಕೇಜು ಇನ್ನೊಂದು. ಫೆಡೋರಾದಲ್ಲಿ ಅದೇ ‘ಡೆವೆಲ್’. ಮೊದಲನೆಯದನ್ನಷ್ಟೇ ಹಾಕಿಕೊಂಡವನು ‘ಇಲ್ಲೇ ಇದೆಯಲ್ಲ’ ಎಂದು ಬೆರಳಿಟ್ಟು ತೋರಿಸುತ್ತಾನೆ, ಸ್ಕ್ರಿಪ್ಟು ‘ಇಲ್ಲ’ ಎನ್ನುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಪ್ರಬಂಧದ ತಿರುಳು ಇನ್ನು ಮುಂದೆ. ಇಲ್ಲದಿರುವುದನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನು ಕುಮಾರಿಲ ಭಟ್ಟನ ಮೀಮಾಂಸಕರು ಒಪ್ಪಿದರು. ಪ್ರಭಾಕರನ ಕಡೆಯವರು ಒಪ್ಪಲಿಲ್ಲ. ಒಪ್ಪಿದವರು ಒಂದು ಷರತ್ತು ಹಾಕಿದರು: ಅನುಪಲಬ್ಧಿ ಯೋಗ್ಯವಾಗಿರಬೇಕು. ಬೆಳಕಿದ್ದು, ಕಣ್ಣು ನೆಟ್ಟಗಿದ್ದು, ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಾಗ ಮಾತ್ರ ಕಾಣದ್ದನ್ನು ಇಲ್ಲ ಎನ್ನಬೇಕು. ಕತ್ತಲೆ ಕೋಣೆಯಲ್ಲಿ ತಡಕಾಡಿ ಗಡಿಗೆ ಇಲ್ಲ ಎಂದು ತೀರ್ಪು ಕೊಡಬಾರದು.

ಕಾನ್ಫಿಗರ್ ಬಿಟ್ಟದ್ದು ಈ ಷರತ್ತನ್ನೇ. ‘ಇದೆ’ ಎನ್ನಲು ನೂರು ಸಾಕ್ಷಿ ಕೇಳುವ ಅದು ‘ಇಲ್ಲ’ ಎನ್ನಲು ಒಂದನ್ನೂ ಕೇಳುವುದಿಲ್ಲ. ಪುಟ್ಟ ಪ್ರೋಗ್ರಾಮು ಕಂಪೈಲ್ ಆಗದಿದ್ದರೆ ಫಂಕ್ಷನ್ ಇಲ್ಲ ಎಂದೇ ಅರ್ಥ. ಏಕೆ ಆಗಲಿಲ್ಲ? ಅದನ್ನು ಕಾನ್ಫಿಗ್ ಲಾಗ್ ಎಂಬ ಫೈಲಿಗೆ ಬರೆದಿಟ್ಟು ಮುಂದೆ ಹೋಗುತ್ತದೆ. ಫಂಕ್ಷನ್ ಹುಡುಕುವಾಗ ಸ್ಕ್ರಿಪ್ಟೂ ಒಂದು ಸುಳ್ಳು ಹೇಳುತ್ತದೆಂಬುದು ಇಲ್ಲಿ ಸ್ಮರಣೀಯ. ಆ ಫಂಕ್ಷನ್ ನಿಜವಾಗಿ ಏನನ್ನೇ ಹಿಂತಿರುಗಿಸಲಿ, ಕ್ಯಾರ್ ಎಂಬ ಒಂದಕ್ಷರದ ಜಾತಿಯನ್ನು ಹಿಂತಿರುಗಿಸುತ್ತದೆ ಎಂದು ಘೋಷಿಸಿ ಲಿಂಕ್ ಮಾಡಿಸುತ್ತದೆ. ಲಿಂಕರ್ ಹೆಸರು ನೋಡುತ್ತದೆಯೇ ಹೊರತು ಗೋತ್ರ ಕೇಳುವುದಿಲ್ಲವಾದ್ದರಿಂದ ಸಂಬಂಧ ಕುದುರುತ್ತದೆ.

ಈ ಸಡಿಲಿಕೆಯ ಬೆಲೆ ಇತ್ತೀಚೆಗೆ ತಿಳಿಯಿತು. ಘೋಷಿಸದ ಫಂಕ್ಷನ್ನನ್ನು ಹಾಗೇ ಕರೆಯುವ ಹಳೆಯ ಸಲಿಗೆಯನ್ನು ಸಿ ಭಾಷೆಯ 1999ರ ಪ್ರಮಾಣಗ್ರಂಥ ರದ್ದು ಮಾಡಿತ್ತು. ಕಂಪೈಲರುಗಳು ಮಾತ್ರ ಎರಡು ದಶಕ ಬರಿ ಗೊಣಗಿ ಬಿಟ್ಟುಬಿಡುತ್ತಿದ್ದವು. 2023ರಲ್ಲಿ ಕ್ಲಾಂಗ್ 16, 2024ರಲ್ಲಿ ಜಿಸಿಸಿ 14 ಬಂದು ಅದನ್ನು ತಪ್ಪೆಂದೇ ಸಾರಿದವು. ಆಗ, ಹೆಡರ್ ಸೇರಿಸದೆ ಎಕ್ಸಿಟ್ ಎಂದು ಕರೆಯುತ್ತಿದ್ದ ಹಳೆಯ ಪರೀಕ್ಷಾ ಪ್ರೋಗ್ರಾಮುಗಳೆಲ್ಲ ಬೀಳತೊಡಗಿದವು. ಬಿದ್ದದ್ದು ಪರೀಕ್ಷೆ, ‘ಇಲ್ಲ’ ಎನಿಸಿಕೊಂಡದ್ದು ಗಟ್ಟಿಮುಟ್ಟಾಗಿ ಇದ್ದ ಲೈಬ್ರರಿ. ಸ್ಕ್ರಿಪ್ಟು ಕೂಗಲಿಲ್ಲ, ನಿಲ್ಲಲಿಲ್ಲ. ಆ ಸೌಲಭ್ಯವಿಲ್ಲದ ಪ್ರೋಗ್ರಾಮನ್ನು ಸದ್ದಿಲ್ಲದೆ ಕಟ್ಟಿಕೊಟ್ಟಿತು. ಕೇಳಿದ ಪ್ರಶ್ನೆಯೇ ತಪ್ಪಿದ್ದಾಗ ಹುಡುಗನನ್ನು ಫೇಲು ಮಾಡಿದ ಮೇಷ್ಟರ ಹಾಗೆ.

ಆದರೆ ಅದು ಅಜಾಗ್ರತೆ. ಬೇಕೆಂದೇ ದೀಪ ಆರಿಸಿದ ಪ್ರಸಂಗ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ್ದು. ಜಿಯಾ ಟಾನ್ ಎಂಬ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ದುಡಿದು, ಯೋಜನೆಯ ಬೀಗದ ಕೈ ಪಡೆದು, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಕೊರೆಯಿತು. ಹಿಂಬಾಗಿಲಿಗೆ ದಾರಿ ಮಾಡಿಕೊಟ್ಟದ್ದು ಟಾರ್‌ಬಾಲಿನಲ್ಲಿ ಮಾತ್ರ ಇದ್ದ, ಗಿಟ್ ಸಂಗ್ರಹದಲ್ಲಿ ಇಲ್ಲದ, ತಿರುಚಿದ ಒಂದು ಎಂಫೋರ್ ಫೈಲು. ಭಾಷ್ಯವನ್ನು ಯಾರೂ ಓದುವುದಿಲ್ಲ ಎಂಬುದನ್ನು ಆ ಖಾತೆ ಚೆನ್ನಾಗಿ ಅರಿತಿತ್ತು. ತಮಾಷೆಯೆಂದರೆ ಆ ಕಳ್ಳ ಕೋಡೂ ಶ್ರದ್ಧೆಯಿಂದ ಕಾನ್ಫಿಗರ್ ಶಾಸ್ತ್ರ ಪಾಲಿಸಿತ್ತು: ಯಂತ್ರ 64 ಬಿಟ್ ಲಿನಕ್ಸೇ, ಕಂಪೈಲರ್ ಜಿಸಿಸಿಯೇ, ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜು ಕಟ್ಟುತ್ತಿದ್ದಾರೆಯೇ ಎಂದೆಲ್ಲ ಪರೀಕ್ಷಿಸಿ, ಎಲ್ಲಕ್ಕೂ ಹೌದು ಎಂದಾದರೆ ಮಾತ್ರ ಕನ್ನ ಹಾಕುತ್ತಿತ್ತು.

ಜೊತೆಗೆ ಇನ್ನೊಂದು ಸಣ್ಣ ಕೆಲಸ ನಡೆದಿತ್ತು. ಎಕ್ಸ್‌ಜೆಡ್ ಅನ್ನು ಸಿಮೇಕ್ ಮೂಲಕವೂ ಕಟ್ಟಬಹುದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಹಣದಲ್ಲಿ ನಡೆದ ವೈದ್ಯಕೀಯ ಚಿತ್ರಗಳ ಯೋಜನೆಗಾಗಿ ಕಿಟ್‌ವೇರ್ ಸಂಸ್ಥೆ 2000ದ ಸುಮಾರಿಗೆ ಕಟ್ಟಿದ ಈ ಪ್ರತಿಸ್ಪರ್ಧಿ ಮತದಲ್ಲೂ ಅಗುಳು ಹಿಸುಕುವ ಪದ್ಧತಿ ಅದೇ. ಲಿನಕ್ಸಿನ ಲ್ಯಾಂಡ್‌ಲಾಕ್ ಎಂಬ ಕಾವಲು ವ್ಯವಸ್ಥೆ ಇದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಮಿನಲ್ಲಿ, ಹೆಡರ್ ಸಾಲುಗಳ ಕೆಳಗೆ, ಒಂಟಿಯಾಗಿ ಒಂದು ಚುಕ್ಕೆ ಕೂತಿತ್ತು. ಬರಿ ಒಂದು ಪೂರ್ಣವಿರಾಮ. ಸಿ ಭಾಷೆಯಲ್ಲಿ ಅದು ತಪ್ಪು, ಹಾಗಾಗಿ ಯಾವ ಯಂತ್ರದಲ್ಲೂ ಆ ಪ್ರೋಗ್ರಾಮು ಕಂಪೈಲ್ ಆಗುವಂತಿರಲಿಲ್ಲ. ಕಾವಲು ಇದ್ದರೂ ಇಲ್ಲ ಎಂದೇ ದಾಖಲಾಗುತ್ತಿತ್ತು. ಹಿಸುಕಿದ್ದು ಕಲ್ಲು, ಬೇಯಲಿಲ್ಲವೆಂಬ ಅಪವಾದ ಅನ್ನಕ್ಕೆ.

ಹಿಂಬಾಗಿಲನ್ನು ಯಾವ ಪ್ರಮಾಣದಿಂದ ಕಂಡುಹಿಡಿದರು? ಬೇಸರದಿಂದ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾದದ್ದು ಸಹನೆಯಾಗಲಿಲ್ಲ. ಬೆನ್ನು ಹತ್ತಿ ಹೋದಾಗ ಹಿಂಬಾಗಿಲು ಸಿಕ್ಕಿತು. 2024ರ ಮಾರ್ಚ್ 29ರಂದು ಅದನ್ನು ಲೋಕಕ್ಕೆ ತಿಳಿಸಿದರು. ಚುಕ್ಕೆ ಪತ್ತೆಯಾದದ್ದು ಆಮೇಲೆ, ಜನ ಆ ಖಾತೆಯ ಒಂದೊಂದೇ ಸಾಲನ್ನು ಮೊದಲ ಬಾರಿಗೆ ನಿಜವಾಗಿ ಓದಿದಾಗ. ಅರ್ಧ ಸೆಕೆಂಡಿನ ಕಿರಿಕಿರಿಯನ್ನು ಏಳನೆಯ ಪ್ರಮಾಣವೆಂದು ಸೇರಿಸಬೇಕೆಂಬುದು ಪ್ರಬಂಧಕಾರನ ನಮ್ರ ಸಲಹೆ.

ಪೂರ್ವಪಕ್ಷಿಯ ಒಂದು ಆಕ್ಷೇಪ ಉಳಿದಿದೆ: ಹಾಗಾದರೆ ಕಾನ್ಫಿಗರಿನ ಜಗತ್ತಿನಲ್ಲಿ ಯೋಗ್ಯವಾದ ಅನುಪಲಬ್ಧಿ ಎಂಬುದೇ ಇಲ್ಲವೇ? ಇದೆ. ದಿನವೂ ಎಷ್ಟೋ ಮೇಜುಗಳ ಮೇಲೆ ನಡೆಯುತ್ತದೆ. ಅಧಿಕಾರಿಯು ಕಾನ್ಫಿಗರ್ ಪಠಿಸಿ ಕಾಫಿಗೆ ಏಳುತ್ತಾನೆ. ಇನ್ನೂರು ‘ಇದೆ’ಗಳ ನಂತರ, ಕೊನೆಯ ಸಾಲಿನಲ್ಲಿ ಯಾವುದೋ ಲೈಬ್ರರಿ ಇಲ್ಲವೆಂದು ಸ್ಕ್ರಿಪ್ಟು ಪ್ರಾಣ ಬಿಟ್ಟಿರುತ್ತದೆ. ಲೋಟ ಹಿಡಿದು ಬಂದವನು ಆ ಸಾಲನ್ನು ಓದದೆ ಮಂತ್ರದ ಎರಡನೆಯ ಪದವಾದ ಮೇಕ್ ಎಂಬುದನ್ನು ಒತ್ತುತ್ತಾನೆ. ಮೇಕ್ ಮೂರು ನಕ್ಷತ್ರ ಹಾಕಿ, ಮೇಕ್‌ಫೈಲ್ ಎಲ್ಲೂ ಸಿಗಲಿಲ್ಲ, ನಿಲ್ಲಿಸಿದ್ದೇನೆ ಎನ್ನುತ್ತದೆ. ಡೈರೆಕ್ಟರಿ ತೆರೆದೇ ಇದೆ, ದೀಪ ಉರಿಯುತ್ತಿದೆ, ಕಣ್ಣೂ ನೆಟ್ಟಗಿದೆ. ಮೇಕ್‌ಫೈಲ್ ನಿಜವಾಗಿಯೂ ಅಲ್ಲಿಲ್ಲ.