ಅಲಂಕಾರ: ಬಳಸುವ ಮುನ್ನ ಓದಿ

ಅಭಿನಂದನೆಗಳು. ನೀವು ಮಾತು ಕಲಿತ ದಿನವೇ ಈ ಸಾಮಾನು ನಿಮ್ಮ ಮನೆ ಸೇರಿದೆ, ಕೈಪಿಡಿ ಮಾತ್ರ ಈಗ ಬರುತ್ತಿದೆ. ತಡವಾದದ್ದಕ್ಕೆ ನಾವು ಹೊಣೆಯಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕೈಪಿಡಿ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲೇ ತಯಾರಾಗಿತ್ತು. ನೃಪತುಂಗನ ಆಸ್ಥಾನದ ಶ್ರೀವಿಜಯ ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದೋಷಗಳ ವಿಚಾರಕ್ಕೇ ಕೊಟ್ಟ. ಯಂತ್ರ ಕೈಗಿಡುವ ಮೊದಲೇ ಅದು ಹೇಗೆಲ್ಲ ಕೆಡುತ್ತದೆ ಎಂದು ಹೇಳಿಬಿಡುವ ಈ ಪ್ರಾಮಾಣಿಕತೆ ಈಗಿನ ಮಿಕ್ಸಿ ಕಂಪನಿಗಳಿಗಿಲ್ಲ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಕಂಡಕಂಡಲ್ಲಿ ಸಮಾಸ ಮಾಡಬೇಡಿ, ಅದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಎಚ್ಚರಿಕೆಯ ಚೀಟಿಯೇ ಉಪಮೆಯಲ್ಲಿರುವುದನ್ನು ಗಮನಿಸಿ.

ಮಾದರಿಗಳು

ಭರತನ ‘ನಾಟ್ಯಶಾಸ್ತ್ರ’ದಲ್ಲಿ ಇದ್ದದ್ದು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ದ ಹೊತ್ತಿಗೆ ಸಂಖ್ಯೆ ನೂರು ದಾಟಿತ್ತು. ಎಲ್ಲವನ್ನೂ ಕೊಳ್ಳಬೇಕಿಲ್ಲ. ಅನುಪ್ರಾಸವನ್ನು ಮದುವೆ ಕಾಗದಕ್ಕೂ ಚುನಾವಣೆಯ ಘೋಷಣೆಗೂ ಬಿಟ್ಟುಬಿಡಿ.

ಜೋಡಣೆ

ಉಪಮೆಯ ಡಬ್ಬಿಯಲ್ಲಿ ನಾಲ್ಕು ಬಿಡಿಭಾಗಗಳಿರುತ್ತವೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಕಳೆದುಹೋಗಿದ್ದರೆ ಲುಪ್ತೋಪಮೆ. ಭಾಗ ಕಳೆದರೂ ಹೊಸ ಹೆಸರಿನಿಂದ ಓಡುವ ಯಂತ್ರ ಬೇರೆಲ್ಲೂ ಸಿಗದು. ಪರೀಕ್ಷೆಯಲ್ಲಿ ಇದನ್ನು ಬಿಚ್ಚಿ, ಹೆಸರು ಬರೆದು, ‘ಸಮನ್ವಯ’ ಎಂದು ಗೆರೆ ಎಳೆದರೆ ಅಂಕ ಬರುತ್ತದೆ. ಮತ್ತೆ ಜೋಡಿಸಲು ಯಾರೂ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದು ಬಿಚ್ಚಿದ ಸ್ಥಿತಿಯಲ್ಲೇ ಉಳಿದಿದೆ.

ಈಗ ಪ್ರಯೋಗ. ‘ನಮ್ಮ ಮೇಷ್ಟ್ರು ಹುಲಿಯ ಹಾಗೆ’ ಎನ್ನಿ, ಉಪಮೆ. ‘ಹಾಗೆ’ ತೆಗೆದು ‘ನಮ್ಮ ಮೇಷ್ಟ್ರು ಹುಲಿ’ ಎಂದರೆ ರೂಪಕ. ‘ಹುಲಿಯೇ ಚಾಕ್‌ಪೀಸು ಹಿಡಿದು ಬಂತೇನೋ’ ಎಂದರೆ ಉತ್ಪ್ರೇಕ್ಷೆ. ಕೊನೆಗೆ ಮೇಷ್ಟ್ರನ್ನೇ ತೆಗೆದುಬಿಡಿ: ‘ಲೋ, ಹುಲಿ ಬಂತು!’ ಉಪಮಾನವು ಉಪಮೇಯವನ್ನು ನುಂಗಿತು. ಶಾಸ್ತ್ರದಲ್ಲಿ ಇದಕ್ಕೆ ರೂಪಕಾತಿಶಯೋಕ್ತಿ ಎಂದು ಹೆಸರು. ಕೊನೆಯ ಬೆಂಚಿನವರು ಪಾಠವಾಗುವ ಮೊದಲೇ ಕಲಿತಿರುವುದು ಇದನ್ನೇ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎನ್ನುತ್ತೇವೆ. ಬಿರುದಿನೊಳಗೇ ಒಂದು ರೂಪಕವಿದೆ, ಅಂಕ ಬೇಕಿದ್ದವರು ಅದನ್ನೂ ಸಮನ್ವಯಿಸಬಹುದು.

ಮುಖ್ಯ ಸೂಚನೆ: ಸ್ವಿಚ್ಚು ಎಲ್ಲಿದೆ?

ನಿಮ್ಮ ಬಳಿ ಇಲ್ಲ. ಗ್ರಾಹಕರಿಂದ ಬರುವ ದೂರುಗಳೆಲ್ಲ ಈ ಒಂದು ತಪ್ಪು ತಿಳಿವಳಿಕೆಯಿಂದ. ಆಡುವವನು ತಂತಿ ಎಳೆಯುತ್ತಾನೆ ಅಷ್ಟೆ, ಒತ್ತುವವನು ಕೇಳುವವನು. ‘ಕವಿರಾಜಮಾರ್ಗ’ಕ್ಕೆ ಮಾದರಿಯಾದ ‘ಕಾವ್ಯಾದರ್ಶ’ದಲ್ಲಿ ದಂಡಿ ಉಪಮೆಯ ದೋಷಗಳನ್ನು ಹೇಳುವಾಗ ಇದನ್ನು ಒಪ್ಪಿಕೊಂಡಿದ್ದಾನೆ. ಲಿಂಗ ವಚನ ಹೊಂದದಿರಲಿ, ಉಪಮಾನ ಕೀಳೋ ಮೇಲೋ ಆಗಲಿ, ತಿಳಿದವರಿಗೆ ಕಸಿವಿಸಿಯಾಗದಿದ್ದರೆ ಅದು ದೋಷವೇ ಅಲ್ಲ. ಕಸಿವಿಸಿಯಾಗುವುದಕ್ಕೂ ಅವನೇ ಮಾದರಿ ಕೊಟ್ಟಿದ್ದಾನೆ: ಸೈನಿಕನ ಸ್ವಾಮಿಭಕ್ತಿಗೆ ನಾಯಿಯನ್ನು ತಂದರೆ ಉಪಮಾನ ತೀರಾ ಕೆಳಗಾಯಿತು, ಮಿಂಚುಹುಳಕ್ಕೆ ಸೂರ್ಯನನ್ನು ತಂದರೆ ತೀರಾ ಮೇಲಾಯಿತು.

ದಂಡಿ ನಮ್ಮ ಸನ್ಮಾನ ಸಮಾರಂಭಗಳನ್ನು ನೋಡಿರಲಿಲ್ಲ. ಅಲ್ಲಿ ಮಿಂಚುಹುಳಗಳನ್ನು ಸೂರ್ಯನೆಂದೇ ಕರೆಯುವುದು, ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ ಸಮೇತ. ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ ಭಗೀರಥರಾಗುತ್ತಾರೆ, ಬಡಾವಣೆಗೆ ನಲ್ಲಿ ಹಾಕಿಸಿದವರು ಕರ್ಣರಾಗುತ್ತಾರೆ. (ಭಗೀರಥ ಎಂದು ಕರೆಯಬೇಕಾದದ್ದು ನಲ್ಲಿಯವರನ್ನು; ಅದನ್ನು ಗಮನಿಸಿದವರನ್ನು ವೇದಿಕೆಗೆ ಕರೆಯುವುದಿಲ್ಲ.) ಆದರೂ ಕಸಿವಿಸಿ ಯಾರಿಗೂ ಇಲ್ಲ. ಸಭೆಯಲ್ಲಿರುವ ಪ್ರತಿಯೊಬ್ಬರೂ ಆ ಮಾತಿಗೆ ಎಷ್ಟು ವಟಾವು ಕಳೆಯಬೇಕೆಂದು ಬಲ್ಲರು, ಕಳೆದು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ತರಬೇತಿ ಪಡೆದ ಸಹೃದಯರು ಯಾವ ರಾಜನ ಆಸ್ಥಾನದಲ್ಲೂ ಇದ್ದಿರಲಾರರು. ತೊಂದರೆ ಹುಟ್ಟುವುದು ಒಬ್ಬನೇ ಒಬ್ಬ ವಟಾವು ಕಳೆಯದೆ ಕೇಳಿಸಿಕೊಂಡಾಗ. ಅವನು ಸಾಮಾನ್ಯವಾಗಿ ಶಾಲಿನ ಒಳಗಿರುತ್ತಾನೆ.

ಮನೆಯಲ್ಲಿ

ಅತಿಶಯೋಕ್ತಿ ಮನೆಯೊಳಗೆ ಓಡುವುದಿಲ್ಲ, ಕೇಳುವವರಿಗೆ ಮೂಲಬೆಲೆ ಗೊತ್ತು. ಇಲ್ಲಿ ಬಳಕೆಯಲ್ಲಿರುವುದು ವ್ಯಾಜಸ್ತುತಿ. ನಿಂದೆಯ ವೇಷದಲ್ಲಿ ಸ್ತುತಿ, ಸ್ತುತಿಯ ವೇಷದಲ್ಲಿ ನಿಂದೆ, ಎರಡೂ ದಿಕ್ಕಿಗೆ ತಿರುಗುತ್ತದೆ. ದಾಸರು ಮೊದಲನೆಯ ದಿಕ್ಕನ್ನು ದೇವರ ಮೇಲೇ ತಿರುಗಿಸಿ ನಿಂದಾಸ್ತುತಿ ಹಾಡಿದರು. ಅಡುಗೆಮನೆಯಿಂದ ಬರುವುದು ಎರಡನೆಯದು: ‘ನಮ್ಮೆಜಮಾನ್ರ ಚುರುಕು ಯಾರಿಗಿದೆ ಹೇಳಿ! ಸಿಲಿಂಡರ್ ಖಾಲಿ ಅಂದಿದ್ದು ಸೋಮವಾರ, ಶುಕ್ರವಾರವೇ ಬುಕ್ ಮಾಡಿಬಿಟ್ರು.’ ಈ ‘ಶುಕ್ರವಾರವೇ’ ಎಂಬಲ್ಲಿನ ಏಕಾರಕ್ಕೆ ಯಾವ ಲಕ್ಷಣಗ್ರಂಥವೂ ಸಾಕಾಗುವಷ್ಟು ಜಾಗ ಕೊಟ್ಟಿಲ್ಲ. ಅದನ್ನು ಹೊಗಳಿಕೆಯೆಂದು ತಿಳಿದು ನಕ್ಕವರಿಗೆ ವಾರಂಟಿ ಅನ್ವಯಿಸುವುದಿಲ್ಲ.

ತುರ್ತು ಸಂದರ್ಭದಲ್ಲಿ

ಸನ್ಮಾನಿತರು ಮೈಕಿನ ಮುಂದೆ ನಿಂತು ‘ನಾನೇನೂ ಮಾಡಿಲ್ಲ, ನಾನೊಬ್ಬ ಸಾಮಾನ್ಯ ಮನುಷ್ಯ’ ಎಂದಾಗ ಇದು ಯಾವ ಅಲಂಕಾರವೆಂದು ಹುಡುಕುತ್ತ ಕೂರಬೇಡಿ. ಯಾವ ಕಾರಣಕ್ಕೂ ‘ಹೌದು’ ಎಂದು ತಲೆಯಾಡಿಸಬೇಡಿ.