ಪದ್ಮಿನಿಯ ಕೆಂಪುದೀಪ ಮೀಮಾಂಸೆ

ಇನ್ನು ಬ್ಯಾಟರಿಗೆ ಚಾರ್ಜು ತುಂಬುವ ಡೈನಮೊ ವಿಚಾರ. ಶಾಸ್ತ್ರವೆಂದಮೇಲೆ ಅನುಬಂಧ ಚತುಷ್ಟಯ ಬೇಕು. ಜುಲೈ ಮಳೆಯಲ್ಲಿ, ಭಾಂಡುಪ್‌ನ ಎಲ್‌ಬಿಎಸ್ ಮಾರ್ಗದ ಸಿಗ್ನಲ್ಲಿನಲ್ಲಿ, ವೈಪರ್ ಹೆಡ್‌ಲೈಟ್ ಎರಡೂ ಹಾಕಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪುದೀಪ ಕಂಡು ವೈರಾಗ್ಯ ಹುಟ್ಟಿದ ಪ್ರೀಮಿಯರ್ ಪದ್ಮಿನಿಯ ಯಜಮಾನನೇ ಅಧಿಕಾರಿ. ವಿಷಯ, 12 ವೋಲ್ಟ್. ಪ್ರಯೋಜನ, ತಳ್ಳದೆ ಮನೆ ಸೇರುವುದು. ಸಂಬಂಧ, ಫ್ಯಾನ್ ಬೆಲ್ಟ್.

ಪದ್ಮಿನಿಯ ಕುಲಗೋತ್ರ ಪ್ರಶ್ನಾತೀತ. ಫಿಯೆಟ್ 1100ರ ವಂಶ, 1089 ಸಿಸಿ ಎಂಜಿನ್; ತವರುಮನೆ ಕುರ್ಲಾ, ಭಾಂಡುಪ್‌ನಿಂದ ಐದೇ ಸ್ಟೇಷನ್. ಮುಂಬಯಿಯ ಕೊನೆಯ ಕಾಳಿ-ಪೀಲಿ ಟ್ಯಾಕ್ಸಿ ಪದ್ಮಿನಿ 2003ರಲ್ಲಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿ, 20 ವರ್ಷದ ಆಯುಷ್ಯ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಖಾಸಗಿಯಾಗಿ ಉಳಿದವು ಈಗ ವಾನಪ್ರಸ್ಥದಲ್ಲಿವೆ. ಅವುಗಳ ಮುಪ್ಪಿಗೆ ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳೇ ಗತಿ.

ಪ್ರತ್ಯಕ್ಷವೆಂದರೆ ಮಲ್ಟಿಮೀಟರ್. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಬೇಕು. ಎಂಜಿನ್ ರೇಸ್ ಮಾಡಿದರೆ 13.8ರಿಂದ 14.4ರ ಆಸುಪಾಸಿಗೆ ಏರಬೇಕು. ಸುಮ್ಮನೆ ಐಡ್ಲಿಂಗ್‌ನಲ್ಲಿ ಅಳೆದು ಡೈನಮೊವನ್ನು ಬೈಯುವುದು ಅಶಾಸ್ತ್ರೀಯ. ಆಗ ಅದು ದುಡಿಯುವುದೇ ಇಲ್ಲ. ಅದು ಅದರ ಸ್ವಭಾವ, ದೋಷವಲ್ಲ.

ಅನುಮಾನ: ಬೆಲ್ಟ್ ಕಿರುಚಿದರೆ ಸಡಿಲವಾಗಿದೆ. ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು, ಹೆಚ್ಚಲ್ಲ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರು ಬಾನೆಟ್ಟಿನಲ್ಲಿ ಹೊಗೆ ಕಂಡರೆ ಊಹಿಸುತ್ತ ನಿಲ್ಲಬಾರದು. ಎಂಜಿನ್ ಆರಿಸಿ ಬ್ಯಾಟರಿ ವೈರು ಕಳಚಬೇಕು.

ಅರ್ಥಾಪತ್ತಿ ಬಲು ರಸವತ್ತಾದುದು. ಶಾಸ್ತ್ರದ ಉದಾಹರಣೆ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ನಮ್ಮ ದೇವದತ್ತ ತಿರುವುಮುರುವು: ಹಗಲೆಲ್ಲ ಉಂಡ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸೊರಗಿದೆ. ಆದ್ದರಿಂದ ರಾತ್ರಿ ಅದನ್ನೇ ಯಾರೋ ಉಣ್ಣುತ್ತಿದ್ದಾರೆ. ನೆಗೆಟಿವ್ ವೈರು ಬಿಚ್ಚಿ ನಡುವೆ ಅಮೀಟರ್ ಸೇರಿಸಿ, ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿರಿ. ಮುಳ್ಳು ಬಿದ್ದ ಜಾಗದಲ್ಲಿ ಕಳ್ಳನಿದ್ದಾನೆ. ಸಾಮಾನ್ಯವಾಗಿ ಯಾರೋ ಆಮೇಲೆ ಜೋಡಿಸಿದ ಸ್ಟೀರಿಯೊ.

ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದ ತಿಳಿಯುವುದು. ಕೀಲಿ ತಿರುಗಿಸಿದಾಗ ಕೆಂಪುದೀಪ ಹೊತ್ತದಿದ್ದರೆ ಅಜ್ಞಾನಿ ಹಿಗ್ಗುತ್ತಾನೆ. ಆದರೆ ಡೈನಮೊ ಬದಲು ಆಲ್ಟರ್ನೇಟರ್ ಕೂರಿಸಿದ ಕಾರಿನಲ್ಲಿ ಅದನ್ನು ಎಬ್ಬಿಸುವ ಕರೆಂಟು ಸಾಮಾನ್ಯವಾಗಿ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬು ಸತ್ತರೆ ಚಾರ್ಜೂ ಇಲ್ಲ.

ಉಪಮಾನವನ್ನು ಬಿಟ್ಟಿದ್ದೇವೆ. ಪಕ್ಕದ ಮನೆಯ ಮಾರುತಿಯೊಡನೆ ಹೋಲಿಕೆ ಸೊಸೈಟಿಯಲ್ಲಿ ಮನಸ್ತಾಪಕ್ಕೆ ಕಾರಣ.

ಉಳಿದದ್ದು ಶಬ್ದ. “ಬ್ಯಾಟರಿ ಗಯೀ ಅಣ್ಣಾ, ನಯೀ ಡಾಲೋ” ಎಂಬುದು ಗ್ಯಾರೇಜಿನ ಮಹಾವಾಕ್ಯ. ವೇದ ಅಪೌರುಷೇಯ, ಆದ್ದರಿಂದ ನಿರ್ದೋಷ. ಈ ವಾಕ್ಯ ಪೌರುಷೇಯ, ಮೇಲಾಗಿ ಕಮಿಷನ್ ಸಹಿತ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರು ಕಿತ್ತು ಪರೀಕ್ಷಿಸುವ ಸಂಪ್ರದಾಯವೂ ಇದೇ ಮಠದ್ದು. ಆಲ್ಟರ್ನೇಟರಿನಲ್ಲಿ ಅದು ಡಯೋಡ್ ಹತ್ಯೆ.

ಸಿದ್ಧಾಂತ: ಹೊಸ ಬ್ಯಾಟರಿಯೂ ಸೊರಗಿದರೆ ಅಪರಾಧಿ ಎಷ್ಟೋ ಸಲ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿ. ಮುಂಬಯಿ ಮಳೆಗೆ ಅದರ ಬೋಲ್ಟಿನಡಿ ತುಕ್ಕು ಕೂರುತ್ತದೆ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಡಿ. 0.2 ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ಅಂಗಡಿಗೆ ಹೋಗುವುದು ಇದಾದ ಮೇಲೆ.