ಗುಜರಾತಿನಿಂದ ಬಂದ ಎಂಟು ಅರ್ಜಿ

(ಮಾರ್ಚ್ ತಿಂಗಳು. ತಾಲ್ಲೂಕು ಕೇಂದ್ರವೊಂದರ ಖಾಸಗಿ ಪ್ರಾಥಮಿಕ ಶಾಲೆಯ ಆಫೀಸು. ಗುಮಾಸ್ತೆ ಗಿರಿಜಾ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಸೆಕ್ರೆಟರಿ ರಂಗಪ್ಪನವರು ಹಿಂದಿನಿಂದ ಇಣುಕುತ್ತಾರೆ.)

ರಂಗಪ್ಪ: ಏನಮ್ಮ, ಅಡ್ಮಿಷನ್ ಕೆಲಸ ಬಿಟ್ಟು ಕಂಪ್ಯೂಟರ್‌ನಲ್ಲೇ ಊರು ಸುತ್ತುತಾ ಇದ್ದೀಯಲ್ಲ?

ಗಿರಿಜಾ: ಇದೂ ಅಡ್ಮಿಷನ್ ಕೆಲಸಾನೇ ಸಾರ್. ಹೋದ ವರ್ಷ ಒಂದನೇ ಕ್ಲಾಸಿಗೆ ಬಂದ ಅರ್ಜಿಗಳನ್ನೆಲ್ಲ ಮ್ಯಾಪಿಗೆ ಏರಿಸಿದೀನಿ. ಎಕ್ಸೆಲ್ ಶೀಟ್ ಕೊಟ್ರೆ ಗೂಗಲ್ ಮೈ ಮ್ಯಾಪ್ಸ್ ವಿಳಾಸ ಹುಡುಕಿ ಚುಕ್ಕಿ ಇಡುತ್ತೆ. ದುಡ್ಡೇನೂ ಕೇಳಲ್ಲ.

ರಂಗಪ್ಪ: ಪುಕ್ಕಟೆ ಅಂದ್ರೆ ಇನ್ನೂ ನಾಲ್ಕು ಏರಿಸು. ಅರೆ, ಇದೇನಿದು? ಗುಜರಾತಿನಲ್ಲಿ ಎಂಟು ಚುಕ್ಕಿ! ನಮ್ಮ ಸ್ಕೂಲಿನ ಹೆಸರು ಅಲ್ಲಿಗೂ ಮುಟ್ಟಿದೆಯಾ? ಇವತ್ತೇ ಫ್ಲೆಕ್ಸ್ ಹಾಕ್ಸು, 'ಗುಜರಾತಿಗೂ ಅಚ್ಚುಮೆಚ್ಚು' ಅಂತ.

ಗಿರಿಜಾ: ಅವರೆಲ್ಲ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಗಾಂಧಿನಗರದವರು ಸಾರ್. ಅರ್ಜಿಲಿ ಊರ ಹೆಸರು ಬರೆದಿರಲಿಲ್ಲ. ಕಂಪ್ಯೂಟರ್ ಸೀದಾ ಗುಜರಾತಿನ ರಾಜಧಾನಿಗೆ ಕಳಿಸಿಬಿಡ್ತು.

ರಂಗಪ್ಪ: ಇಲ್ಲಿ ನೋಡು, ಕೆರೆ ನಡುವೆ ರಾಶಿ ಚುಕ್ಕಿ. ಮೀನುಗಳೂ ಅರ್ಜಿ ಹಾಕಿದ್ವಾ?

ಗಿರಿಜಾ: ಅವರು ಪಿನ್‌ಕೋಡ್ ಒಂದನ್ನೇ ಬರೆದೋರು. ಪಿನ್ 1972ರಲ್ಲಿ ಬಂದದ್ದು ಕಾಗದ ವಿಂಗಡಿಸೋಕೆ. ಅದರಲ್ಲಿ ಮನೆ ಸಿಗಲ್ಲ, ಇಡೀ ಬಟವಾಡೆ ಪ್ರದೇಶ ಸಿಗುತ್ತೆ. ಆ ಪ್ರದೇಶದ ನಟ್ಟನಡುವೆ ಚುಕ್ಕಿ ಬೀಳುತ್ತೆ, ನಮ್ಮೂರ ನಟ್ಟನಡುವೆ ಇರೋದು ಕೆರೆ. ಈಗ ಫೋನ್ ಮಾಡಿ, 'ಮಾರಮ್ಮನ ಗುಡಿ ಎದುರು', 'ಹಾಲಿನ ಡೇರಿ ಪಕ್ಕ' ಅಂತ ಕೇಳ್ಕೊಂಡು ಒಂದೊಂದನ್ನೇ ದಡಕ್ಕೆ ತರ್ತಾ ಇದೀನಿ.

ರಂಗಪ್ಪ: ಈ ಹಸಿರು, ಕೆಂಪು?

ಗಿರಿಜಾ: ಹಸಿರು ಅಂದ್ರೆ ಅರ್ಜಿ ಹಾಕಿ ಸೇರಿದವರು. ಕೆಂಪು ಅಂದ್ರೆ ಅರ್ಜಿ ಹಾಕಿ ಸೇರದೇ ಹೋದವರು.

ರಂಗಪ್ಪ: ನಾಲ್ಕು ಫ್ಲೆಕ್ಸ್ ಕಟ್ಟಿಸಿದ್ದೆನಲ್ಲ, ಬೈಪಾಸ್ ಬಡಾವಣೆ, ಅಲ್ಲಿ ಒಂದು ಚುಕ್ಕಿನೂ ಇಲ್ವಲ್ಲೇ?

ಗಿರಿಜಾ: ಅಲ್ಲಿರೋದು ಸೈಟುಗಳು ಸಾರ್, ಕಲ್ಲು ನೆಟ್ಟು ಬಿಟ್ಟಿದ್ದಾರೆ. ನಮ್ಮ ಫ್ಲೆಕ್ಸ್ ನೋಡೋದು ಮೇಯಕ್ಕೆ ಬರೋ ಎಮ್ಮೆಗಳು. ಕೆಂಪೆಲ್ಲ ಇರೋದು ರೈಲ್ವೆ ಲೈನಾಚೆ.

ರಂಗಪ್ಪ: ಆಚೆಯವರು ಬಿಡು. ಫೀಸು ಕಟ್ಟೋ ಏರಿಯಾ ಯಾವುದು ನೋಡಿ, ಅಲ್ಲಿಯವರನ್ನೇ ಆರಿಸ್ಕೊಳ್ಳೋಣ. ಮ್ಯಾಪ್ ಇದೆಯಲ್ಲ!

ಗಿರಿಜಾ: ಆರ್‌ಟಿಇ ಕಾಯ್ದೆ 13ನೇ ಸೆಕ್ಷನ್ನೂ ಇದೆ ಸಾರ್. ಸೇರಿಸಿಕೊಳ್ಳುವಾಗ ಮಗುನೋ ಅಪ್ಪ ಅಮ್ಮನ್ನೋ ಜರಡಿ ಹಿಡಿದ್ರೆ ಮೊದಲ ಸಲ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ.

ರಂಗಪ್ಪ: ಛೆ ಛೆ, ನಾನು ತಮಾಷೆಗಂದೆ! ಹೋಗಲಿ, ಈ ಮ್ಯಾಪನ್ನ ಹೆಸರು, ಫೋನ್ ನಂಬರ್ ಸಮೇತ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಲಾ?

ಗಿರಿಜಾ: ಬೇಡ ಸಾರ್. 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ 2023ರ ಡೇಟಾ ಕಾಯ್ದೆ ಹೇಳುತ್ತೆ. ಅದಕ್ಕೇ ನಾನು ಹೆಸರು, ನಂಬರ್ ಏರಿಸೇ ಇಲ್ಲ. ಬೀದಿ, ಅರ್ಜಿ ಸಂಖ್ಯೆ ಅಷ್ಟೇ.

ರಂಗಪ್ಪ: ಎಲ್ಲದಕ್ಕೂ ಒಂದು ಕಾಯ್ದೆ ಇಟ್ಕೊಂಡಿದ್ದೀಯ. ಲೈನಾಚೆಯವರು ಫೀಸು ಜಾಸ್ತಿ ಅಂತ ಬಿಟ್ಟಿರಬೇಕು, ಅಲ್ವಾ?

(ವ್ಯಾನ್ ಡ್ರೈವರ್ ಬಸಣ್ಣ ಕೀ ಗೊಂಚಲು ಆಡಿಸುತ್ತಾ ಬರುತ್ತಾನೆ.)

ಬಸಣ್ಣ: ಫೀಸಲ್ಲ ಸಾರ್, ಗೇಟು. ಸ್ಕೂಲ್ ಬೆಲ್ ಹೊಡೆಯೋ ಹೊತ್ತಿಗೇ ಪ್ಯಾಸೆಂಜರ್ ರೈಲು. ಗೇಟ್ ಹಾಕಿದ್ರೆ ಅರ್ಧ ಗಂಟೆ.

ಗಿರಿಜಾ: ನಾನು ಫೋನ್ ಮಾಡಿದವರೂ ಅದನ್ನೇ ಹೇಳಿದ್ದು. ಮ್ಯಾಪಲ್ಲಿ ಗೆರೆ ಎಳೆದ್ರೆ ಎಂಟುನೂರು ಮೀಟರ್. ಅಂಡರ್‌ಪಾಸ್ ಸುತ್ತಿ ಬಂದ್ರೆ ಮೂರು ಕಿಲೋಮೀಟರ್. ಆರು ವರ್ಷದ ಮಗೂನ ಹಳಿ ದಾಟಿಸಿ ಯಾರು ಕಳಿಸ್ತಾರೆ?

ರಂಗಪ್ಪ: ಮತ್ತೆ ನಿನ್ನ ವ್ಯಾನ್ ಯಾಕಯ್ಯಾ ಆಚೆ ಹೋಗಲ್ಲ?

ಬಸಣ್ಣ: ಡೀಸೆಲ್ ದಂಡ ಅಂತ ನೀವೇ ಬೇಡ ಅಂದ್ರಲ್ಲ ಸಾರ್. ದಿನಾ ಬೈಪಾಸ್ ಕಡೆ ಓಡಿಸ್ತಿದೀನಿ, ಒಬ್ಬನೇ ಹುಡುಗನಿಗೋಸ್ಕರ.

ರಂಗಪ್ಪ: ಯಾರವನು? ಅಲ್ಲಿ ಚುಕ್ಕಿನೇ ಇಲ್ಲ!

ಬಸಣ್ಣ: ನಿಮ್ಮ ಮೊಮ್ಮಗ ಸಾರ್.

ಗಿರಿಜಾ: ಅವನು ಅರ್ಜಿ ಹಾಕದೇ ಸೇರಿದವನು. ಅದಕ್ಕೇ ಚುಕ್ಕಿ ಬಿದ್ದಿಲ್ಲ.

(ರಂಗಪ್ಪನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೆಂಪು ಚುಕ್ಕಿಗಳನ್ನು ಬೆರಳಿಟ್ಟು ಎಣಿಸುತ್ತಾರೆ.)

ರಂಗಪ್ಪ: ಇಷ್ಟು ಜನ ನಮ್ಮ ಬಾಗಿಲಿಗೆ ಬಂದು ವಾಪಸ್ ಹೋದ್ರಾ! ಗಿರಿಜಾ, ಈ ವರ್ಷ ಆಚೆಯಿಂದ ಅರ್ಜಿ ತಗೊಂಡ ಪ್ರತಿ ಮನೆಗೂ ಇವತ್ತೇ ಫೋನ್ ಮಾಡು, ವ್ಯಾನ್ ಬರುತ್ತೆ ಅಂತ. ಬಸಣ್ಣ, ರೈಲಿಗೆ ಮೊದಲು ಗೇಟ್ ದಾಟ್ಕೊಂಡು ಬಂದುಬಿಡು.

ಬಸಣ್ಣ: ಮೊಮ್ಮಗ ಸಾರ್?

ರಂಗಪ್ಪ: ಅವನನ್ನ ನಾನೇ ಸ್ಕೂಟರಲ್ಲಿ ಕರ್ಕೊಂಡು ಬರ್ತೀನಿ. ಇನ್ನು ಫ್ಲೆಕ್ಸ್ ಬೇಡ, ಆ ದುಡ್ಡಿಗೆ ಡೀಸೆಲ್ ಹಾಕ್ಸಿ.